ದೇವರ ಜಾಗದ ಅಡಿಕೆ

೧೯೭೮ರ ಡಿಸೆಂಬರ್ ೪, ಸೋಮವಾರ. ಬೆಳಿಗ್ಗೆ ಹನ್ನೊಂದಕ್ಕೆ ರವಿವಾರ ಪೇಟೆಯ ಹತ್ತಿರದ ಖಾಸಗಿ ಕಲಾ ಸಂಗ್ರಹಾಲಯದ ಮೇಲ್ವಿಚಾರಕ ಈರಯ್ಯ ಠಾಣೆಗೆ ಬಂದು ದೂರು ಕೊಟ್ಟರು. ತಾಮ್ರದ ಒಂದು ಟಾಕ ಕಳುವಾಗಿತ್ತು. ತೀರಿಹೋದವರ ಹೆಸರಿನಲ್ಲಿ ಮಾಡಿಸಿ, ದೇವರ ಜಗಲಿಯಲ್ಲಿಟ್ಟು ಪೂಜಿಸುವ ಅಂಗೈಯಗಲದ ತಗಡು ಅದು. ಎಫ್‌ಐಆರ್ ದಾಖಲಿಸಿ ಇನ್ಸ್‌ಪೆಕ್ಟರ್ ಬಸಯ್ಯ ಕಾನ್ಸ್‌ಟೇಬಲ್ ತ್ರ್ಯಂಬಕನೊಡನೆ ಹೊರಟರು.

ಸಂಗ್ರಹಾಲಯದಲ್ಲಿ ನೋಡಲು ಬಂದವರು ಒಬ್ಬರೂ ಇರಲಿಲ್ಲ. ಗಾಜಿನ ಕಪಾಟಿನ ಚಿಲಕ ಸಡಿಲವಾಗಿತ್ತು. ಬೆಳ್ಳಿಯ ಮೂರ್ತಿಗಳು ಇದ್ದಲ್ಲೇ ಇದ್ದವು. ಟಾಕವಿದ್ದ ಜಾಗದಲ್ಲಿ ಒಂದಿಷ್ಟು ಅಕ್ಕಿ, ಅದರ ಮೇಲೊಂದು ಅಡಿಕೆ.

"ಇದೇನೋ ತ್ರ್ಯಂಬಕ? ಕಳ್ಳ ಎಲಿ ಅಡಕಿ ಹಾಕ್ಕೊಳ್ಳಾಕ ಬಂದಿದ್ದನೇನು?"

"ಅಲ್ಲರೀ ಸಾಹೇಬ್ರ. ಟಾಕ ಉಜ್ಜಾಕ ಕೊಟ್ರ ನಮ್ಮ ಮನ್ಯಾಗೂ ಜಗಲಿ ಖಾಲಿ ಬಿಡಂಗಿಲ್ಲ. ಅದು ತಿರುಗಿ ಬರೂತನಕ ಅಡಕೀನ ದೇವ್ರು."

ಬಸಯ್ಯ ಅಡಿಕೆಯನ್ನು ಬೆಳಕಿಗೆ ಹಿಡಿದರು. ಹೊಸದಲ್ಲ, ವರ್ಷಗಟ್ಟಲೆ ಅರಿಶಿನ ಕುಂಕುಮ ಕಂಡು ಕಪ್ಪಾಗಿ ನುಣುಪಾಗಿತ್ತು. ಅದನ್ನೂ ಪಂಚನಾಮೆಗೆ ಸೇರಿಸಿದರು.

"ಹಂಗಾರ ಉಜ್ಜಾಕ ಕೊಟ್ಟಿರಬೇಕು. ತಾಮ್ರ ಉಜ್ಜಾವ್ರು ಎಲ್ಲಿ ಅದಾರ?"

"ಇಲ್ಲೇ ಹಿಂದ, ತಾಂಬಟರ ಗಲ್ಲ್ಯಾಗ."

ಗಲ್ಲಿಯ ತುಂಬ ಸುತ್ತಿಗೆಯ ಸದ್ದು, ಮರಾಠಿ ಮಾತು. ಖಾಕಿ ಕಂಡಲ್ಲೆಲ್ಲ ಎರಡೂ ನಿಂತವು. ಅಂಗಡಿಯಿಂದ ಅಂಗಡಿಗೆ ಕೇಳುತ್ತ ಹೋದಾಗ ಪಂಢರಿನಾಥ ಎಂಬ ಮುದುಕ ತಲೆಯಾಡಿಸಿದ.

"ಮುಂಜಾನೆ ಬಂದೈತ್ರಿ. ಖಾನಾಪುರದ ಗಂಗೂಬಾಯಿ ತಂದಾಳ. ಆಕಿ ಗಂಡ ಸತ್ತಾಗ ನಾನ ಬಡದಕೊಟ್ಟಿದ್ದೆ. ಸಂಜಿ ಗಾಡಿಗೆ ಹೋಗೂಮುಂದ ಒಯ್ತಾಳ."

ಸಂಜೆ ಆಕೆ ಬಂದಳು. ಪೊಲೀಸರನ್ನು ಕಂಡು ಓಡಲಿಲ್ಲ. ಅಂಗಡಿಯ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು.

"ಟಾಕ ಯಾರದು ಬಾಯಿ?" ಬಸಯ್ಯ ಕೇಳಿದರು.

"ನಮ್ಮನಿಯವ್ರದು."

"ಅವ್ರ ಹೆಸರು?"

ಆಕೆ ಪಂಢರಿನಾಥನ ಮುಖ ನೋಡಿದಳು.

"ಮಾರುತಿ ಅಂತ ಬರಕೋರಿ," ಎಂದ ಅವನು. "ಗಂಡನ ಹೆಸರು ಆಕಿ ಹ್ಯಾಂಗ ಹೇಳ್ಯಾಳು?"

"ಸಂಗ್ರಹಾಲಯಕ್ಕ ಹ್ಯಾಂಗ ಬಂತು?"

"ಮನಿ ಪಾಲಾದಾಗ ದೇವ್ರೆಲ್ಲಾ ಮೈದುನನ ಕಡೆ ಹೋದ್ವು. ಅಂವ ಈ ಸಂಗ್ರಹಾಲಯದವ್ರಿಗೆ ಕೊಟ್ಟ. ನಾ ಜಗಲಿ ಮ್ಯಾಲ ಅಡಕಿ ಇಟ್ಕೊಂಡು ಒಬ್ಬಾಕಿನ ಇದ್ದೆ. ಹ್ವಾದ ತಿಂಗಳ ದವಾಖಾನಿಗೆ ಬಂದಾಗ ಸುಮ್ನ ಅಲ್ಲಿ ಹೊಕ್ಕೆ. ಕಾಜಿನ ಹಿಂದ ಕಪ್ಪಾಗಿ ಕುಂತಿದ್ರು. ಒಂದು ಹೂವಿಲ್ಲ, ನೋಡಾಕ ಒಂದ ಮನಷ್ಯಾ ಇಲ್ಲ. ಉಜ್ಜಿಸಿ ಮನಿಗೆ ಒಯ್ಯೂಣು ಅಂತ ಇವತ್ತ ಮತ್ತ ಬಂದೆ. ಅವ್ರ ಬಂದ ಮ್ಯಾಲ ಅಡಕಿ ನನಗ್ಯಾಕ? ಅಲ್ಲೇ ಇಟ್ಟೆ."

ಬಂಧನ ದಾಖಲಾಯಿತು. ಟಾಕ, ಅಡಿಕೆ ಎರಡನ್ನೂ ಬಟ್ಟೆಯಲ್ಲಿ ಕಟ್ಟಿ ಅರಗಿನ ಮುದ್ರೆ ಒತ್ತಿದರು.

"ಟಾಕ ಬ್ಯಾಡ್ರಿ ಸಾಹೇಬ್ರ. ಅಡಕಿ ಅಷ್ಟ ಕೊಡ್ರಿ. ಇವತ್ತ ಜಗಲಿ ಖಾಲಿ ಐತಿ."

"ಅದೂ ಪುರಾವೆ ಐತಿ, ಬಾಯಿ."

ತ್ರ್ಯಂಬಕ ಪೇಟೆಗೆ ಹೋಗಿ ಒಂದು ಅಡಿಕೆ ತಂದು ಆಕೆಯ ಕೈಯಲ್ಲಿಟ್ಟ. ಗಂಗೂಬಾಯಿ ಅದನ್ನು ತಿರುಗಿಸಿ ನೋಡಿದಳು.

"ಇದು ಬರೇ ಅಡಕಿ, ಅಪ್ಪಾ."

ಆದರೂ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.