ಕಣ್ಣಿಗೊತ್ತಿಕೊಂಡ ಕಳ್ಳ

ಮಾರ್ಚ್ ಎಂಟು, ಶನಿವಾರ, ಬೆಳಿಗ್ಗೆ 8:20. ಲೆಸ್ಟರ್‌ನ ಠಾಣೆಗೆ ಫೋನು ಬಂದದ್ದು ಹಳೆಯ ಕಾಲುಚೀಲದ ಕಾರ್ಖಾನೆಯೊಂದರಿಂದ. ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಗಿ, ಅಲ್ಲೀಗ ಆರ್ಟ್ ಗ್ಯಾಲರಿ ನಡೆಯುತ್ತಿದೆ. ಅಂದು ಸಂಜೆ ಹಳೆಯ ಮೆಕ್ಸಿಕನ್ ಸಿನಿಮಾ ಪೋಸ್ಟರ್‌ಗಳ ಪ್ರದರ್ಶನ ಶುರುವಾಗಬೇಕಿತ್ತು, ಬೆಳಿಗ್ಗೆ ನೋಡಿದರೆ ಮುಖ್ಯ ಪೋಸ್ಟರೇ ಮಾಯ. ಇಂಗ್ಲಿಷರ ಆ ದೇಶದಲ್ಲಿ ಎಫ್‌ಐಆರ್ ಅನ್ನುವುದಿಲ್ಲ, ಕ್ರೈಮ್ ನಂಬರ್ ಕೊಡುತ್ತಾರೆ. ಹೆಸರು ಯಾವುದಾದರೇನು, ಒಮ್ಮೆ ದಾಖಲಾಯಿತೆಂದರೆ ಪೊಲೀಸರು ಯಾರದಾದರೂ ಮನೆ ಬಾಗಿಲು ತಟ್ಟಲೇಬೇಕು.

ಇನ್‌ಸ್ಪೆಕ್ಟರ್ ಗುಣಪಾಲ ಹೆಗ್ಡೆ 9:10ಕ್ಕೆ ಸ್ಥಳಕ್ಕೆ ಹೋದ. ಹುಟ್ಟಿದ್ದು ಮೂಡುಬಿದಿರೆಯಲ್ಲಿ, ಬೆಳೆದದ್ದೆಲ್ಲ ಲೆಸ್ಟರಿನಲ್ಲಿ. ಜೊತೆಗಿದ್ದವಳು ಕಾನ್‌ಸ್ಟೆಬಲ್ ಹ್ಯಾನಾ, ಕೆಲಸಕ್ಕೆ ಸೇರಿ ಎರಡು ವರ್ಷವಾಗಿದ್ದ ಚುರುಕು ಹುಡುಗಿ. ನಮ್ಮ ಕಡೆ ಪಂಚನಾಮೆ ಎನ್ನುವ ಕೆಲಸವನ್ನು ಅವಳೇ ಮಾಡಿದಳು. ಹಿಂದಿನ ಕೋಣೆಯಲ್ಲಿ ಚೌಕಟ್ಟು ಗೋಡೆಗೆ ಒರಗಿತ್ತು. ಗಾಜು ಒಡೆದಿರಲಿಲ್ಲ. ಚೌಕಟ್ಟಿನ ಹಿಂಬದಿಯ ಅಂಟುಪಟ್ಟಿಯನ್ನು ನೇರವಾಗಿ ಸೀಳಿ, ಬಿಚ್ಚಿದ ಸ್ಕ್ರೂಗಳನ್ನು ಚಹಾ ಕಪ್ಪಿನಲ್ಲಿ ಜೋಪಾನವಾಗಿ ಹಾಕಿಟ್ಟಿದ್ದರು.

ಮ್ಯಾನೇಜರ್ ಫೋನಿನಲ್ಲಿ ಪೋಸ್ಟರಿನ ಫೋಟೋ ತೋರಿಸಿದ. ಹಾಡುವ ಹೆಂಗಸೊಬ್ಬಳ ಮುಖವೇ ಮುಕ್ಕಾಲು ಭಾಗ. ಒಂದು ಕೆನ್ನೆ ಕಿತ್ತಳೆ, ಇನ್ನೊಂದು ಕಡುಹಸಿರು. ಕೊರಳ ಕೆಳಗೆ ಅಗಲ ಟೋಪಿಯ ಕುದುರೆ ಸವಾರ ಬೆರಳುದ್ದಕ್ಕೆ ಕುಗ್ಗಿದ್ದ. ಕೈಯಲ್ಲೇ ಬರೆದ ದಪ್ಪ ಅಕ್ಷರಗಳು ಅವಳ ಕೂದಲಿನೊಳಗೆ ನುಗ್ಗಿದ್ದವು. ತೀರಾ ಕೆಳಗೆ ಖಾಲಿ ಬಿಳಿ ಪಟ್ಟಿ. ಊರೂರಿನ ಟಾಕೀಸಿನವರು ತಮ್ಮ ಹೆಸರು, ಆಟದ ಹೊತ್ತು ಬರೆದುಕೊಳ್ಳಲಿಕ್ಕೆ. ಇವನ್ನು ಅಗ್ಗದ ಕಾಗದದಲ್ಲಿ ಅಚ್ಚು ಹಾಕಿ, ಮಡಚಿ ಅಂಚೆಯಲ್ಲಿ ಕಳಿಸುತ್ತಿದ್ದರಂತೆ. ವಾರ ಕಳೆದರೆ ಅದರ ಮೇಲೆ ಇನ್ನೊಂದು ಸಿನಿಮಾ. ಬರೆದ ಕಲಾವಿದರ ಹೆಸರು ಎಷ್ಟೋ ಸಲ ಯಾರಿಗೂ ಗೊತ್ತಿರಲಿಲ್ಲ.

ಗುಣಪಾಲನಿಗೆ ಫೋಟೋ ಬೇಕಿರಲಿಲ್ಲ. ಹತ್ತು ವರ್ಷದವನಾಗಿದ್ದಾಗಿನಿಂದ ಆ ಹೆಂಗಸನ್ನು ಡಾಕ್ಟರ್ ಚಿದಾನಂದ ಹೊಸಮನಿಯವರ ಸೋಫಾದ ಮೇಲ್ಗಡೆ ನೋಡುತ್ತಲೇ ಬಂದಿದ್ದ. ಪ್ರದರ್ಶನಕ್ಕೆಂದು ಅವರೇ ಅದನ್ನು ಗ್ಯಾಲರಿಗೆ ಎರವಲು ಕೊಟ್ಟಿದ್ದರು. ಊರಿನ ಕನ್ನಡದವರಿಗೆಲ್ಲ ಹಿರಿಯರು ಅವರು, ನಿವೃತ್ತ ಜಿಪಿ, ಅಂದರೆ ಬಡಾವಣೆಯ ವೈದ್ಯರು. ಇವನು ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕಿದಾಗ ಗುಣಪತ್ರ ಬರೆದುಕೊಟ್ಟವರೂ ಅವರೇ. ಇಷ್ಟು ಹತ್ತಿರದವರಾದರೆ ಅಂದೇ ಬರೆದುಕೊಟ್ಟು ಕೇಸು ಬೇರೆಯವರಿಗೆ ಬಿಡಬೇಕು, ನಿಯಮ ಹಾಗಿದೆ. ವಸ್ತು ಕಳೆದುಕೊಂಡವರು ತಾನೆ, ಅದರಿಂದೇನು ಎಂದುಕೊಂಡು ಸುಮ್ಮನಾದ.

10:40ಕ್ಕೆ ಕಾರಿಡಾರಿನ ಸಿಸಿಟಿವಿ ನೋಡಿದರು. ಶುಕ್ರವಾರ ಸಂಜೆ 5:14ಕ್ಕೆ ಮಳೆಕೋಟಿನ ಟೋಪಿ ಹಣೆವರೆಗೆ ಎಳೆದುಕೊಂಡ ಒಬ್ಬರು ಕೋಣೆಯಿಂದ ಹೊರಬಂದರು. ಮುಖ ಕಾಣಲಿಲ್ಲ. ಕೋಟಿನೊಳಗಿನಿಂದ ಮಡಚಿದ ಕಾಗದ ಜಾರಿ ನೆಲಕ್ಕೆ ಬಿತ್ತು, ಅದರ ಅಂಚಿಗೆ ಬೂಟು ತಾಗಿತು. ಆ ವ್ಯಕ್ತಿ ಎಡಗಾಲು ಮಡಚಲಾರದೆ ಬಲಗಾಲ ಮೇಲೆ ಭಾರ ಹಾಕಿ ಬಗ್ಗಿ, ಬೆರಳ ತುದಿಯಿಂದ ಕಾಗದ ಮುಟ್ಟಿ, ಎರಡೂ ಕಣ್ಣಿಗೆ ಒತ್ತಿಕೊಂಡು, ಆಮೇಲೆ ಅದನ್ನೆತ್ತಿ ಕೋಟಿಗೆ ಸೇರಿಸಿಕೊಂಡರು.

“ಕಣ್ಣಿಗೆ ಧೂಳು ಹೋಯಿತೇನೋ” ಎಂದಳು ಹ್ಯಾನಾ.

“ಇರಬಹುದು” ಎಂದ ಗುಣಪಾಲ.

ಅವನಿಗೆ ಹಾಗನಿಸಿರಲಿಲ್ಲ. ಕಾಲು ತಾಗಿದ ಕಾಗದವನ್ನು ಕಣ್ಣಿಗೊತ್ತಿಕೊಳ್ಳುವುದನ್ನು ಯಾರೂ ಯೋಚಿಸಿ ಮಾಡುವುದಿಲ್ಲ. ಚಿಕ್ಕಂದಿನಲ್ಲಿ ಪುಸ್ತಕ ತುಳಿದಾಗ ತಲೆಗೊಂದು ಮೊಟಕು ತಿಂದವರಿಗೆ ಅದು ತಾನಾಗಿ ಬರುತ್ತದೆ, ಕದಿಯುವಾಗಲೂ ಬರುತ್ತದೆ. ಈ ಊರಿನಲ್ಲಿ ಹಾಗೆ ಮಾಡುವವರು ಸಾವಿರಾರು ಮಂದಿ ಇದ್ದಾರೆ ಎಂದು ತನಗೆ ತಾನೇ ಹೇಳಿಕೊಂಡ. ಆದರೆ ಮಡಚಲಾರದ ಆ ಎಡ ಮೊಣಕಾಲು ಅವನಿಗೆ ಗೊತ್ತಿದ್ದವರಲ್ಲಿ ಒಬ್ಬರದೇ.

12:15ಕ್ಕೆ ಡಾಕ್ಟರ ಮನೆಗೆ ಹೋಗಿ ಹೇಳಿಕೆ ಪಡೆದ. ಹ್ಯಾನಾ ಬಂದಿರಲಿಲ್ಲ.

“ಹೋಗ್ಲಿ ಬಿಡಪಾ ಗುಣಪಾಲ. ಒಂದ್ ಹಾಳಿಗೆ ಯಾಕ ಇಷ್ಟ್ ರಾದ್ಧಾಂತ” ಎಂದರು ಡಾಕ್ಟರು.

“ಇನ್ಶೂರೆನ್ಸ್ ಕ್ಲೇಮ್ ಮಾಡ್ತೀರಲ್ಲ ಅಂಕಲ್?”

“ಏನೂ ಬ್ಯಾಡ.”

“ನಿನ್ನೆ ಸಂಜೆ ಐದಕ್ಕೆ ಎಲ್ಲಿದ್ರಿ?”

“ಮನ್ಯಾಗ ಇದ್ನೆ.”

ಗುಣಪಾಲ ಅದನ್ನೇ ಬರೆದುಕೊಂಡ. ಕೇಳಬೇಕಾದ ಮುಂದಿನ ಪ್ರಶ್ನೆ ಬಾಯಿಗೆ ಬಂದಿತ್ತು. ಅದನ್ನು ಚಹಾದ ಜೊತೆ ನುಂಗಿಕೊಂಡು ಎದ್ದ.

ಅಷ್ಟರಲ್ಲಿ ಹ್ಯಾನಾ ಬೇರೊಬ್ಬರನ್ನು ಹಿಡಿದಿದ್ದಳು. ಗ್ಯಾಲರಿಯ ಬಾಗಿಲ ಬಳಿ ಕೂರುವ ಡೋರೀನ್, ಅರವತ್ತೊಂದು ವರ್ಷ, ಅದೇ ಕಾರ್ಖಾನೆಯಲ್ಲಿ ಹಿಂದೆ ಕಾಲುಚೀಲ ಹೆಣೆದವರು. ಕೋಣೆಯ ಬೀಗದ ಕೈ ಆಕೆಯ ಕುರ್ಚಿಯ ಹಿಂದಿನ ಕೊಕ್ಕೆಯಲ್ಲೇ ಇರುತ್ತಿತ್ತು. ಸಂಜೆ ಕುರ್ಚಿ ಬಿಟ್ಟು ಏಳಲೇ ಇಲ್ಲ ಎಂದಿದ್ದರು. ಕುರ್ಚಿಯಷ್ಟೇ ಕಾಣುವ ಮುಂಬಾಗಿಲ ಕ್ಯಾಮೆರಾದಲ್ಲಿ 5:05ರಿಂದ ಹನ್ನೊಂದು ನಿಮಿಷ ಅದು ಖಾಲಿ.

“ಸುಳ್ಳು ಹೇಳಿದ್ದಾರೆ ಬಾಸ್. ನಾಳೆ ಬೆಳಿಗ್ಗೆ ಬಂಧಿಸಿ ಮನೆ ಶೋಧಿಸೋಣ. ನಿಮ್ಮ ಸಹಿ ಬೇಕು.”

ಆಕೆಯಲ್ಲ ಎಂದು ಹೇಳಲು ಒಂದು ಉಸಿರು ಸಾಕಿತ್ತು. ಹೇಗೆ ಗೊತ್ತು ಎಂದು ಕೇಳಿದರೆ? ಶೋಧದಲ್ಲಿ ಏನೂ ಸಿಗುವುದಿಲ್ಲ, ಆಕೆಯ ಹೆಸರು ತಾನಾಗಿ ತೊಳೆದುಹೋಗುತ್ತದೆ ಎಂದು ಸಮಾಧಾನ ಮಾಡಿಕೊಂಡ. ಸಂಜೆ 4:50ಕ್ಕೆ ಸಹಿ ಹಾಕಿದ.

ಭಾನುವಾರ 7:30ಕ್ಕೆ ಎರಡು ಕಾರು ಡೋರೀನ್ ಮನೆ ಮುಂದೆ ನಿಂತವು. ಆಕೆ ರಾತ್ರಿಯ ಗೌನಿನಲ್ಲೇ ಬಾಗಿಲು ತೆರೆದರು. ಹಾಸಿಗೆ, ಬೀರು, ಒಳಬಟ್ಟೆಯ ಡ್ರಾಯರ್ ಎಲ್ಲವನ್ನೂ ಕೆದಕಿದ್ದಾಯಿತು. ಫೋನು ವಶಪಡಿಸಿಕೊಂಡರು. ಬೀದಿಯವರು ಕಿಟಕಿಗೆ ಬಂದು ನೋಡಿದರು. ಠಾಣೆಯಲ್ಲಿ ಹ್ಯಾನಾ ಕೇಳಿದಳು, “ಆ ಹನ್ನೊಂದು ನಿಮಿಷ ಎಲ್ಲಿದ್ದಿರಿ?”

“ಹಿತ್ತಲಲ್ಲಿ ಸಿಗರೇಟು ಸೇದುತ್ತಿದ್ದೆ.”

“ಮೊದಲೇ ಯಾಕೆ ಹೇಳಲಿಲ್ಲ?”

“ಆಪರೇಷನ್ ಆದಮೇಲೆ ಸೇದುವುದಿಲ್ಲ ಅಂತ ಮಗಳಿಗೆ ಮಾತು ಕೊಟ್ಟಿದ್ದೆ.”

ಏನೂ ಸಿಗದೆ ಬಿಟ್ಟರು. ಆದರೆ ಗ್ಯಾಲರಿಯವರು ತನಿಖೆ ಮುಗಿಯುವವರೆಗೆ ಕೆಲಸಕ್ಕೆ ಬರಬೇಡಿ ಎಂದರು. ಗುಣಪಾಲ ಆ ರಾತ್ರಿಯ ಊಟ ಮುಟ್ಟಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದು ಹೆಂಡತಿಗೂ ಸುಳ್ಳು ಹೇಳಿದ.

ಸೋಮವಾರ 9:05ಕ್ಕೆ ಮ್ಯಾಂಚೆಸ್ಟರ್‌ನಿಂದ ಮೇಧಾ ಫೋನ್ ಮಾಡಿದಳು. ಹಳೆಯ ಕಾಗದಗಳನ್ನು ಪರೀಕ್ಷಿಸಿ ರಿಪೇರಿ ಮಾಡುವವಳು, ಗ್ಯಾಲರಿಯ ಪೋಸ್ಟರ್‌ಗಳನ್ನು ಪ್ರದರ್ಶನಕ್ಕೆ ಮುಂಚೆ ಪರೀಕ್ಷಿಸಿದ್ದವಳು. ಕಳವಿನ ಸುದ್ದಿ ಆಗಷ್ಟೇ ಕೇಳಿದ್ದಳು.

“ಅದು ಅಸಲಿಯಲ್ಲ. ಆ ಕಾಲದಲ್ಲಿ ಕಲ್ಲಿನ ಮೇಲೆ ಮೇಣದ ಕಡ್ಡಿಯಿಂದ ಬರೆದು ಅಚ್ಚು ಒತ್ತುತ್ತಿದ್ದರು, ಆ ಕಡ್ಡಿಯ ತರಿ ಕಾಣಬೇಕು. ಇದರಲ್ಲಿ ಭೂತಗನ್ನಡಿ ಹಿಡಿದರೆ ಸಾಲುಸಾಲು ಚುಕ್ಕೆ. ಅಸಲಿಯ ಫೋಟೋ ತೆಗೆದು ಅಚ್ಚು ಹಾಕಿದ್ದಾರೆ. ಹಳೆಯದಾಗಿ ಕಾಣಲಿ ಅಂತ ಆಮೇಲೆ ಮಡಚಿದ್ದಾರೆ.”

“ಇದು ಯಾರಿಗೆ ಗೊತ್ತು?”

“ಪೋಸ್ಟರ್ ಕೊಟ್ಟ ಡಾಕ್ಟರಿಗೆ ಮಾತ್ರ. ಗುರುವಾರ ಮೂರು ಸಾಲಿನ ಇಮೇಲ್ ಕಳಿಸಿದೆ. ಮೊದಲು ಅವರಿಗೆ ಹೇಳುವುದು ಮರ್ಯಾದೆ ಅಂದುಕೊಂಡೆ. ಉತ್ತರ ಬರಲಿಲ್ಲ.”

ಇನ್ನು ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಗುಣಪಾಲ ಸಿಸಿಟಿವಿಯನ್ನು ಮತ್ತೆ ಹಾಕಿ, ಕಣ್ಣಿಗೊತ್ತಿಕೊಳ್ಳುವುದೆಂದರೆ ಏನು ಎಂದು ಹ್ಯಾನಾಗೆ ವಿವರಿಸಿದ. ಮೊಣಕಾಲಿನ ಮಾತನ್ನೂ ಹೇಳಿದ.

“ಇದು ನಿಮಗೆ ಈಗ ಹೊಳೆಯಿತಾ, ಬಾಸ್?”

ಅವನು ಕಾರಿನ ಕೀ ತೆಗೆದುಕೊಂಡು ಹೊರಟ.

11:30ಕ್ಕೆ ಬಾಗಿಲು ತೆರೆದವರು ಡಾಕ್ಟರ ಹೆಂಡತಿ ಮಹಾದೇವಿ. “ಬಾರಪಾ, ಚಹಾ ಇಡ್ತೀನಿ” ಎಂದವರು ಹ್ಯಾನಾಳ ಸಮವಸ್ತ್ರ ನೋಡಿ ಅಲ್ಲೇ ನಿಂತರು. ಗುಣಪಾಲ ಕಾನೂನಿನ ಎಚ್ಚರಿಕೆಯ ಮಾತುಗಳನ್ನು ಇಂಗ್ಲಿಷಿನಲ್ಲಿ ಓದಿ ಹೇಳಿ, ಆಮೇಲೆ ಕನ್ನಡದಲ್ಲಿ, “ಅಂಕಲ್, ಪೋಸ್ಟರ್ ತನ್ನಿ” ಎಂದ.

ಡಾಕ್ಟರು ಒಳಹೋಗಿ, ಇಸ್ತ್ರಿ ಮಾಡಿದ ಧೋತರಗಳ ನಡುವಿನಿಂದ ಅದನ್ನು ತಂದು ಮೇಜಿನ ಮೇಲೆ ಬಿಡಿಸಿದರು.

“ಯಾಕೆ ಅಂಕಲ್?”

“ಮೆಕ್ಸಿಕೋ ಸಂತ್ಯಾಗ ನಾನ ಹುಡುಕಿ ತಂದದ್ದು ಅಂತ ಮೂವತ್ತೈದು ವರ್ಷ ಎಲ್ಲಾರಿಗೂ ಹೇಳೀನಿ. ಶನಿವಾರ ಇನ್ನೂರು ಮಂದಿ ಮುಂದ ಭಾಷಣ ಮಾಡಾಂವ ಇದ್ದೆ. ಆ ಹುಡುಗಿ ಮೂರು ಸಾಲಿನ್ಯಾಗ ಮುಗಿಸಿಬಿಟ್ಲು.”

“ವಾಪಸ್ ಕೊಡಿ ಅಂತ ಕೇಳಬಹುದಿತ್ತು.”

“ಯಾಕಂತ ಕೇಳಿದ್ರ?”

“ಹರಿದು ಬಿಸಾಡಬಹುದಿತ್ತು.”

“ಚಿತ್ರ ಏನ್ ತಪ್ಪ್ ಮಾಡೇತಿ?” ಎಂದು ಅವರು ಮಡಿಕೆಯ ಮೇಲೆ ಬೆರಳಾಡಿಸಿದರು. ತಲೆಯೆತ್ತದೆ ಹೇಳಿದರು, “ಆ ಬಾಗಿಲ ಹೆಣ್ಮಗಳ ಮನಿ ಹುಡುಕಿದ್ರು ಅಂತ ನಿನ್ನೆ ತಿಳೀತು. ನಿನಗ ಫೋನ್ ಮಾಡಾಕ ಮೂರ್ ಸಲ ಹಿಡದೆ, ಆಗ್ಲಿಲ್ಲ. ಶನಿವಾರ ನೀ ಬಂದಾಗ ನಿನಗ ಗೊತ್ತಾಗೇತಿ ಅಂತ ನನಗ ಅನಿಸ್ತು. ನೀ ಕೇಳಲಿಲ್ಲ, ನಾ ಹೇಳಲಿಲ್ಲ.”

ಹ್ಯಾನಾ ನೋಟ್‌ಬುಕ್ ಹಿಡಿದು ಕಾಯುತ್ತಿದ್ದಳು. “ಏನಂದರು?”

ಕೊನೆಯ ಎರಡು ಮಾತನ್ನು ಅನುವಾದಿಸದೆ ಬಿಟ್ಟಿದ್ದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಗುಣಪಾಲ ಒಂದೊಂದೇ ಮಾತನ್ನು ಇಂಗ್ಲಿಷಿಗೆ ತಂದ. ಕೊನೆಯದನ್ನೂ ಬಿಡದೆ ಹೇಳಿದ. “ಇದನ್ನೂ ಬರೆದುಕೋ” ಎಂದ. ಅವಳು ಒಮ್ಮೆ ಅವನ ಮುಖ ನೋಡಿ ಬರೆದುಕೊಂಡಳು.

11:52ಕ್ಕೆ ಬಂಧನ. ತನ್ನದೇ ವಸ್ತುವನ್ನು ತಾನೇ ಒಯ್ದರೆ ಕಳ್ಳತನವೇ ಎಂಬುದನ್ನು ವಕೀಲರು ನೋಡಿಕೊಳ್ಳಲಿ. ಸುಳ್ಳು ಹೇಳಿಕೆ ಕೊಟ್ಟು ತನಿಖೆಯ ದಾರಿ ತಪ್ಪಿಸಿದ್ದಂತೂ ನಿಜ. ಡಾಕ್ಟರು ಹೆದರಿದ್ದು ನಾಲ್ಕು ಜನರ ನಗೆಗೆ ಮಾತ್ರ. ಆ ಹೆದರಿಕೆಗೆ ಒಬ್ಬ ಹೆಂಗಸಿನ ಮಾನ ಹೋಯಿತು, ಮತ್ತು ಅದಕ್ಕೆ ಸಹಿ ಹಾಕಿದ ಕೈ ಗುಣಪಾಲನದು. ಮಧ್ಯಾಹ್ನ ಅವನು ಮೇಲಧಿಕಾರಿಗೆ ಎರಡು ಪುಟ ಬರೆದುಕೊಟ್ಟು, ಕೇಸಿನಿಂದ ಹೊರಬಂದ.

ನಾಲ್ಕು ಗಂಟೆಗೆ ಡೋರೀನ್ ಅವರ ಫೋನು ಹಿಂತಿರುಗಿಸಲು ಒಬ್ಬನೇ ಹೋದ. ಆಕೆ ಬಾಗಿಲ ಸರಪಳಿ ತೆಗೆಯದೆಯೇ ಕೈ ಚಾಚಿ ಇಸಿದುಕೊಂಡರು.

“ಕದ್ದವರು ಸಿಕ್ಕಿದರಾ?”

“ಸಿಕ್ಕಿದರು.”

“ನಾನಲ್ಲ ಅಂತ ನಿಮಗೆ ಯಾವಾಗ ಗೊತ್ತಾಯಿತು?”

ಇವತ್ತು ಬೆಳಿಗ್ಗೆ ಎಂದಿದ್ದರೆ ಆಕೆ ನಂಬುತ್ತಿದ್ದರು.

“ಶನಿವಾರ” ಎಂದ.

“ನೀವೆಲ್ಲ ಇಲ್ಲಿಗೆ ಬಂದದ್ದು ಭಾನುವಾರ.”

“ಹೌದು.”

ಡೋರೀನ್ ಬೈಯಲಿಲ್ಲ. ಅವನನ್ನು ಅಡಿಯಿಂದ ಮುಡಿವರೆಗೆ ಒಮ್ಮೆ ನೋಡಿ ಬಾಗಿಲು ಹಾಕಿಕೊಂಡರು. ಎದುರು ಮನೆಯ ಪರದೆ ಸರಿಯಿತು, ಪಕ್ಕದ ಮನೆಯದೂ. ಗುಣಪಾಲ ಮುಚ್ಚಿದ ಬಾಗಿಲ ಮುಂದೆ ತಲೆ ತಗ್ಗಿಸಿಕೊಂಡು ನಿಂತೇ ಇದ್ದ, ನೋಡುವವರೆಲ್ಲ ನೋಡಿ ಮುಗಿಸಲಿ ಎಂದು.