ಕೊನೆಯ ಪುಟದ ‘ಬೇಕು’

“ಈ ಪುಟದಲ್ಲಿ ಮೂರು ತಪ್ಪುಗಳಿವೆ, ಅಮ್ಮಾ.”

“ಅಮ್ಮಾ ಅಂದದ್ದು ನಾಲ್ಕನೆಯದು, ಮೇಷ್ಟ್ರೇ.”

ನಮ್ಮ ಮೊದಲ ಮಾತೇ ಜಗಳ. ಮಾರನೆಯ ದಿನದಿಂದ ಮೇಷ್ಟ್ರ ಬಾಯಲ್ಲಿ ನನ್ನ ಹೆಸರು ‘ಗುಡುಗು’.

ನಾನು ಸಮಿತಿಯ ಟೈಪಿಸ್ಟ್. ನಲವತ್ತಾರು ವರ್ಷ, ಹಳ್ಳಿ ಶಾಲೆಯ ಓದು, ಮೂಗಿನ ತುದಿಯಲ್ಲೇ ಕೋಪ. ಅವರು ಕಾಲೇಜಿನ ಪಾಠ ಬಿಟ್ಟು ಗುತ್ತಿಗೆಯ ಮೇಲೆ ಬಂದ ಸಂಶೋಧಕರು. ರಾಜ್ಯ ತನ್ನದೇ ಬ್ಯಾಂಕು ತೆರೆಯಬೇಕೇ ಬೇಡವೇ ಎಂದು ನೋಡುವುದು ಸಮಿತಿಯ ಕೆಲಸ. ಬೇಕು ಎಂದು ವರದಿ ಹೋದರೆ ಅವರಿಗೆ ಇಲ್ಲೇ ಕೆಲಸ; ಇಲ್ಲವಾದರೆ ಗಂಟುಮೂಟೆ.

ಒಂದೂವರೆ ವರ್ಷ ಒಂದೇ ಮೇಜು. ಅವರು ಊರೂರು ಸುತ್ತಿ ಜನರ ಹೇಳಿಕೆ ತರುತ್ತಿದ್ದರು. ಬ್ಯಾಂಕಿನ ಶಾಖೆ ಮುಚ್ಚಿದ ಊರುಗಳು, ಪಿಂಚಣಿಗಾಗಿ ಎರಡು ಬಸ್ ಹತ್ತುವ ಮುದುಕಿಯರು. ನನ್ನಮ್ಮನೂ ಅಂಥವಳೇ; ಆ ಬಸ್ಸಿನಿಂದ ಬಿದ್ದು ಹಾಸಿಗೆ ಹಿಡಿದವಳು.

ಓದಿ ಹೇಳುವಾಗ ಅವರು ಕನ್ನಡಕವನ್ನು ಮೂಗಿಗಿಳಿಸಿ, ಅದರ ಮೇಲಿಂದ ನನ್ನನ್ನೇ ನೋಡುತ್ತಿದ್ದರು.

“ಮತ್ತೆ ತಪ್ಪು, ಗುಡುಗು.”

“ಹಾಗೆ ನೋಡಬೇಡಿ, ತಪ್ಪಾಗಲ್ಲ.”

ಕೊನೆಯ ಪುಟವನ್ನು ಅಧ್ಯಕ್ಷರೇ ಬರೆದು ಕಳಿಸಿದರು: ‘ಬ್ಯಾಂಕನ್ನು ಮುಂದೆಂದಾದರೂ ಸ್ಥಾಪಿಸಬಹುದು.’ ನನ್ನ ನೆತ್ತಿ ಉರಿಯಿತು. ನಾನೂರು ಜನರ ಗೋಳಿಗೆ ‘ಬಹುದು’ ಅಂತೆ! ‘ಬ್ಯಾಂಕನ್ನು ಸ್ಥಾಪಿಸಬೇಕು’ ಎಂದು ಟೈಪ್ ಮಾಡಿ, ಏನೂ ಹೇಳದೆ ಮೇಷ್ಟ್ರ ಮುಂದಿಟ್ಟೆ.

ಅಲ್ಪವಿರಾಮ ಬಿಟ್ಟರೂ ಹಿಡಿಯುವ ಮನುಷ್ಯ. ಓದಿದರು. ನನ್ನತ್ತ ನೋಡದೆ ಸಹಿ ಹಾಕಿದರು. ಗೊತ್ತಾಗಲಿಲ್ಲ ಎಂದು ಒಳಗೊಳಗೇ ಬೀಗಿದೆ, ಪೆದ್ದಿ.

ಮೂರನೇ ದಿನ ಅಧ್ಯಕ್ಷರು ವರದಿಯನ್ನು ಮೇಜಿಗೆ ಕುಕ್ಕಿದರು. “ಯಾರ ಕಿತಾಪತಿ ಇದು?”

ನಾನು ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರೆಂದರು, “ನಂದು ಸರ್. ಹಾಗೆ ಟೈಪ್ ಮಾಡೋಕೆ ನಾನೇ ಹೇಳಿದ್ದೆ.”

ವರದಿಗೆ ‘ಬಹುದು’ ಮರಳಿ ಬಂತು. ಅವರ ಗುತ್ತಿಗೆ ಅಂದೇ ಮುಗಿಯಿತು.

ಊರಿಗೆ ಹೊರಟವರ ಮೇಲೆ ಬಸ್ ನಿಲ್ದಾಣದಲ್ಲಿ ರೇಗಿದೆ. “ಯಾಕ್ರೀ ಸುಳ್ಳು ಹೇಳಿದ್ರಿ?”

“ನಿಮ್ಮದು ಪರ್ಮನೆಂಟ್ ಕೆಲಸ. ಮನೇಲಿ ಅಮ್ಮ ಇದ್ದಾರೆ.”

“ತಪ್ಪು ಕಣ್ಣಿಗೆ ಬೀಳಲಿಲ್ವಾ?”

“ಪದ ಬಿತ್ತು. ತಪ್ಪು ಕಾಣಲಿಲ್ಲ. ಒಂದೂವರೆ ವರ್ಷದಲ್ಲಿ ನೀವು ಸರಿಯಾಗಿ ಟೈಪ್ ಮಾಡಿದ್ದು ಅದೊಂದೇ ಪುಟ.”

ನಗು ಬಂತು, ಅದರ ಬೆನ್ನಿಗೇ ಅಳು.

ಕನ್ನಡಕ ಮೂಗಿಗಿಳಿಯಿತು. “ಗುಡುಗು, ನನ್ನ ಜೊತೆ ಬರ್ತೀರಾ?”

ಮಗ್ಗುಲು ಬದಲಿಸಲೂ ನನ್ನ ಕೈಗೇ ಕಾಯುವ ಅಮ್ಮ ಕಣ್ಣ ಮುಂದೆ ಬಂದಳು. ಊರಿಗೆಲ್ಲ ಕೇಳುವಂತೆ ಕೂಗುವ ನಾನು, ಬೇಡ ಅನ್ನಲಾರದೆ, ಬೇಕು ಅನ್ನಲಾರದೆ, ಬಸ್ಸಿನ ಚಕ್ರ ನೋಡುತ್ತ ನಿಂತೆ.

“ಮುಂದೆಂದಾದರೂ... ಬರಬಹುದು,” ಅಂದೆ.

ಅವರು ತಿದ್ದಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು ಬಸ್ ಹತ್ತಿದರು.