ಲಾಲಿ ಹಾಡಿನ ಕೊನೆಯ ಚರಣ

"ಮಗು ಎಲ್ಲಿ?"

ಹಾಡು ಮುಗಿದು ನಡುಮನೆಯಲ್ಲಿ ಎಲ್ಲರೂ ಮೈಮರೆತು ಕೂತಿದ್ದಾಗ ಸೊಸೆ ಕೇಳಿದ್ದು ಇದೊಂದೇ ಮಾತು. ಟೀ ಟ್ರೇ ಹಿಡಿದು ಅವಳು ಬಾಗಿಲಲ್ಲೇ ನಿಂತಿದ್ದಳು. ಹಳೆಯ ರಂಗಗೀತೆಗಳನ್ನು ಹೊಸದಾಗಿ ಹೊರತರುವ ಕಂಪನಿಯ ತಂತ್ರಜ್ಞ ಲ್ಯಾಪ್‌ಟಾಪಿನಿಂದ ತಲೆಯೆತ್ತಿ ಮೊದಲು ಅವಳನ್ನು, ಆಮೇಲೆ ಅವಳ ಗಂಡನನ್ನು ನೋಡಿದ. ಗಂಡ ಎಂದಿನಂತೆ ನೆಲ ನೋಡಿದ. ಒರಗು ಕುರ್ಚಿಯಲ್ಲಿದ್ದ ಅತ್ತೆ ಮಾತ್ರ ಶಾಲು ಸರಿಮಾಡಿಕೊಂಡು ಹೇಳಿದಳು:

"ಯಾವ ಮಗುವೇ? ಹಾಡು ಕೇಳಿದ್ಯಾ, ಹೇಗೆ ಥಳಥಳ ಅಂತಿದೆ! ಟೀ ಕೊಡು, ಆರ್ತಾ ಇದೆ."

ಈ ಅತ್ತೆ ಸಾಮಾನ್ಯಳಲ್ಲ. ಸಂಗೀತ ನಾಟಕಗಳ ಕಾಲದಲ್ಲಿ ಊರೂರೇ ಇವಳ ಹಾಡಿಗೆ ಪ್ರಾಣ ಬಿಡುತ್ತಿತ್ತು. ಜನ ಪ್ರೀತಿಯಿಂದ ಇಟ್ಟ ಹೆಸರು ಬೆಳ್ಳಿಗಂಟೆಯಮ್ಮ. ಗಂಟೆಗೆ ನಾಲಿಗೆಯೂ ಇರುತ್ತದೆಂಬುದು ಜನಕ್ಕೆ ಗೊತ್ತಿರಲಿಲ್ಲ, ಸೊಸೆಗೆ ಚೆನ್ನಾಗಿ ಗೊತ್ತಿತ್ತು. ಊರಿಗೆ ಉಪಕಾರಿ, ಮನೆಗೆ ಮಾರಿ! ಮದುವೆಯಾಗಿ ಬಂದ ದಿನದಿಂದ ಸೊಸೆ ಮಾಡಿದ ಅಡುಗೆಗೆ ಉಪ್ಪಿಲ್ಲ, ನಡೆದರೆ ಸದ್ದು, ನಕ್ಕರೆ ಹಲ್ಲು. ಹೆತ್ತ ಒಂದೇ ಕೂಸು ತೀರಿಕೊಂಡ ಮೇಲೆ ಅವಳ ಮಡಿಲು ಮತ್ತೆ ತುಂಬಲಿಲ್ಲ. ಆಗಿನಿಂದ ಬಂದವರೆದುರು "ನಮ್ಮನೆ ಬರಡು ಹಸು" ಎಂದು ನಗೆಯಾಡುವುದೂ ಶುರುವಾಗಿತ್ತು. ಇಷ್ಟೆಲ್ಲ ನುಂಗಿಕೊಂಡವಳು ಇವತ್ತು ಟ್ರೇಯನ್ನು ನೆಲದ ಮೇಲಿಟ್ಟು ಸೆರಗು ಬಿಗಿದು ನಿಂತಳು.

"ಕೊನೇ ಚರಣದಲ್ಲಿ ನನ್ನ ಮಗು ಅಳತ್ತೆ. ಅದು ಎಲ್ಲಿ ಹೋಯ್ತು? ನೀವೇ ಹೇಳಿ."

ತಂತ್ರಜ್ಞ ತಡವರಿಸಿದ. "ಅಮ್ಮಾ... ಅದು ಹಿಂದಿನ ಗಲಾಟೆ ಅಂದ್ಕೊಂಡೆ. ದೊಡ್ಡಮ್ಮನೋರು ತೆಗೀರಿ ಅಂದ್ರು. ಸರ್ ಕೂಡ ಹೂಂ ಅಂದ್ರು."

ಗಲಾಟೆ! ನಲವತ್ತು ವರ್ಷಕ್ಕೂ ಮೇಲೆ ಆ ರೆಕಾರ್ಡನ್ನು ಸೀರೆಗಳ ಅಡಿಯಲ್ಲಿ ಬಚ್ಚಿಟ್ಟು ಕಾದವಳು ಸೊಸೆ. ಅದು ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ಅಚ್ಚಾದದ್ದಲ್ಲ. ನಾಟಕ ಕಂಪನಿ ಮುಚ್ಚುವ ಕಾಲಕ್ಕೆ ಒಬ್ಬ ರೆಕಾರ್ಡಿಂಗಿನವನು ಯಂತ್ರವನ್ನು ಮನೆಗೇ ತಂದು, ಮೆತ್ತನೆಯ ಅರಗಿನ ತಟ್ಟೆಯ ಮೇಲೆ ನೇರವಾಗಿ ಕೊರೆದುಕೊಂಡದ್ದು. ಅವನ ಬಳಿ ಖಾಲಿ ತಟ್ಟೆ ಉಳಿದಿದ್ದುದೇ ಒಂದು. ಅವನು ಕೈ ಎತ್ತಿದರೆ ಕೊರೆಯುವ ಮುಳ್ಳು ಇಳಿಯಿತೆಂದು ಅರ್ಥ, ಕೈ ಇಳಿಸುವವರೆಗೆ ಯಾರೂ ಅಲುಗಾಡುವಂತಿಲ್ಲ. ಒಬ್ಬರು ಕೆಮ್ಮಿದರೂ ತಟ್ಟೆ ಹಾಳು. ಹಾರ್ಮೋನಿಯಂ ಮಾಸ್ತರರು ಬಂದಿರಲಿಲ್ಲ. ತವರಿನಲ್ಲಿ ಕಲಿತಿದ್ದ ಸೊಸೆಯನ್ನೇ ಅತ್ತೆ ಪೆಟ್ಟಿಗೆಯ ಮುಂದೆ ಕೂರಿಸಿದಳು. ಒಳಕೋಣೆಯಲ್ಲಿ ಜ್ವರದ ಮಗು ನಿದ್ದೆಹೋಗಿತ್ತು. ಗಂಡ ನಾಟಕ ಕಂಪನಿಯ ಕೆಲಸದ ಮೇಲೆ ಪರವೂರಿಗೆ ಹೋಗಿದ್ದ.

ನಾಟಕದಲ್ಲಿ ಕಾಡುಪಾಲಾದ ರಾಣಿ ಕೂಸನ್ನು ಮಲಗಿಸುವ ಲಾಲಿ ಅದು. ಕೊನೆಯ ಚರಣಕ್ಕೆ ಬರುವಷ್ಟರಲ್ಲಿ ಒಳಗೆ ಮಗು ಎದ್ದು ಚೀರಿತು. ಸೊಸೆ ಬಾಗಿಲ ಕಡೆ ತಿರುಗಿದಳು... ಅತ್ತೆ ಹಾಡುತ್ತಲೇ ಕಣ್ಣು ಕೆಕ್ಕರಿಸಿದಳು. ಮಗು ಆ ವಾರ ದಾಟಲಿಲ್ಲ. ವರ್ಷ ತುಂಬಿದ ಮೇಲೆ ತೆಗೆಸಿದರಾಯಿತು ಎಂದುಕೊಂಡಿದ್ದರಿಂದ ಒಂದು ಫೋಟೋ ಸಹ ಇರಲಿಲ್ಲ. ಹಾಡು ರೇಡಿಯೋದಲ್ಲಿ ಕೆಲವು ಸಲ ಬಂತು. ಕೊನೆಯಲ್ಲಿ ಬೆಳ್ಳಿಗಂಟೆಯಮ್ಮ ದನಿ ಏರಿಸುವ ಪರಿಗೆ ಕೇಳಿದವರೆಲ್ಲ ಅತ್ತರು. ಹಿಂದಿನ ಅಳು ನಾಟಕದ್ದೇ ಎಂದುಕೊಂಡು ಅದನ್ನೂ ಹೊಗಳಿದರು! ತಟ್ಟೆ ಮನೆಗೆ ಮರಳಿದ ದಿನವೇ ಸೊಸೆ ಅದನ್ನು ಮಾಯಮಾಡಿದಳು. ಈಗ ಅರಗು ಸಿಪ್ಪೆಯೇಳುತ್ತಿದೆ, ಇನ್ನೊಂದೇ ಸಲ ನುಡಿದೀತು ಎಂದು ತಿಳಿದ ಮೇಲೆಯೇ, ಮಗುವಿನ ದನಿ ಉಳಿದರೆ ಸಾಕೆಂದು ತಾನಾಗಿ ಈ ತಂತ್ರಜ್ಞನ ಕೈಗೆ ಕೊಟ್ಟಿದ್ದಳು. ಅವನು ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳುವಾಗ ಮುಳ್ಳು ಹಾಯ್ದ ಕಡೆಯೆಲ್ಲ ಅರಗು ಉದುರಿಹೋಗಿತ್ತು. ಉಳಿದದ್ದು ಲ್ಯಾಪ್‌ಟಾಪಿನೊಳಗೆ ಇದ್ದದ್ದು ಮಾತ್ರ.

"ಅಳು ಇರೋ ಹಾಡು ಇನ್ನೂ ಇದೆಯಾ ನಿಮ್ಮ ಹತ್ರ?"

"ಇದೆ ಅಮ್ಮಾ, ಆದ್ರೆ..."

"ಅದನ್ನ ಅಳಿಸಿಬಿಡು," ಎಂದಳು ಅತ್ತೆ. "ಇಲ್ಲಾಂದ್ರೆ ನನ್ನ ಒಂದು ಹಾಡಿಗೂ ಒಪ್ಪಿಗೆ ಸಿಗೋಲ್ಲ, ನಿಮ್ಮ ಯಜಮಾನರಿಗೆ ಹೇಳು. ಸಾಯೋ ಮುಂಚೆ ನನ್ನ ಹಾಡು ಚೊಕ್ಕವಾಗಿ ಒಂದ್ಸಲ ಹೊರಗೆ ಬರ್ಲಿ ಅಂದ್ರೆ, ಇವಳಿಗೆ ಹೊಟ್ಟೆಕಿಚ್ಚು."

"ನಾನು ಹೇಳೋದೇನಂದ್ರೆ..." ಗಂಡ ಅಡ್ಡಗೋಡೆಯ ಮೇಲೆ ದೀಪವಿಡಲು ಬಾಯಿ ತೆರೆದ. "ಅಮ್ಮ ಹೇಳೋದೂ ಸರಿ, ನೀನು ಹೇಳೋದೂ... ಆಗಿದ್ದು ಆಗ್ಹೋಯ್ತು. ಎಷ್ಟು ವರ್ಷ ಅದನ್ನೇ..."

"ನೀವು ಸುಮ್ನಿರಿ! ನೀವು ಅಪ್ಪನಾಗಿ ಒಂದು ದಿನ ಬಾಯಿ ಬಿಟ್ಟಿದ್ರೆ ಇವತ್ತು ಮಾತಾಡ್ಬಹುದಿತ್ತು!"

ಸೊಸೆ ತಂತ್ರಜ್ಞನ ಪಕ್ಕಕ್ಕೆ ಹೋಗಿ ನಿಂತಳು.

"ಕೊನೇ ಚರಣದಲ್ಲಿ ದನಿ ಏರಿಸ್ತಾರಲ್ಲ, ಅದಕ್ಕೇ ಅಲ್ವಾ ನಿಮ್ಮ ಕಂಪನಿ ಇಷ್ಟು ದೂರ ಬಂದಿದ್ದು? ಯಾಕೆ ಏರಿಸಿದ್ರು ಅಂತ ಗೊತ್ತಾ? ಅಳು ಇರೋದನ್ನ ಹಾಕಿ. ಹಾಕಿ ನೋಡೋಣ!"

"ಹಾಕ್ಬೇಡ!" ಅತ್ತೆ ಕುರ್ಚಿಯಿಂದ ಅರ್ಧ ಎದ್ದಳು.

ಅವನು ಗಾಬರಿಯಲ್ಲಿ ಯಾವುದನ್ನು ಒತ್ತಿದನೋ, ಹಾಡು ಶುರುವಾಗೇಬಿಟ್ಟಿತು. ಮೆಲ್ಲನೆ ಹರಿಯುವ ಲಾಲಿ. ಅದರ ಹಿಂದೆ ಒಂದು ಸಣ್ಣ ಅಳು. ಮರುಗಳಿಗೆಗೆ ಹಾಡಿನ ದನಿ ಒಂದು ಮೆಟ್ಟಿಲು ಏರಿತು. ಅಳು ಜೋರಾಯಿತು, ದನಿಯೂ ಜೋರಾಯಿತು. ಅಳು ಚೀರಾಟವಾಯಿತು. ಆಗ ಬೆಳ್ಳಿಗಂಟೆ ಎದೆ ತುಂಬಿ ಮೊಳಗಿ ಅದನ್ನು ಪೂರ್ತಿ ಮುಳುಗಿಸಿಬಿಟ್ಟಿತು. ಊರನ್ನೆಲ್ಲ ಅಳಿಸಿದ ಏರುದನಿ ಅದೇ ಆಗಿತ್ತು.

"ಕೇಳಿಸ್ಲೇ ಇಲ್ಲ ಅಂತ ಎಲ್ಲರ ಹತ್ರ ಹೇಳ್ಕೊಂಡು ಬಂದ್ರಲ್ಲ ಅತ್ತೆ? ಕೇಳಿಸಿತ್ತು! ಕೇಳಿಸಿದ್ದಕ್ಕೇ ಏರಿಸಿದ್ರಿ!"

"ಹೌದು ಕಣೇ, ಕೇಳಿಸಿತ್ತು!" ಮುದುಕಿಯ ಕೊರಳಿನ ನರಗಳು ಉಬ್ಬಿದವು. "ಇದ್ದಿದ್ದು ಒಂದೇ ತಟ್ಟೆ. ಕಂಪನಿ ಮುಚ್ತಾ ಇತ್ತು, ನನ್ನ ಗಂಟಲೂ ಹೋಗೋದ್ರಲ್ಲಿತ್ತು. ಹಾಡು ಮುಗಿಯೋಷ್ಟರಲ್ಲಿ ಮಗು ಸತ್ತುಹೋಯ್ತಾ? ಸತ್ತಿದ್ದು ನಾಲ್ಕು ದಿನ ಕಳೆದ್ಮೇಲೆ, ಜ್ವರಕ್ಕೆ!"

"ಅಷ್ಟು ಗಟ್ಟಿಯಾಗಿ ಅತ್ತಿದ್ದು ಅವತ್ತೇ ಕೊನೆ, ಅತ್ತೆ... ಆಮೇಲೆ ಅದಕ್ಕೆ ಅಳೋಕೂ ತ್ರಾಣ ಇರ್ಲಿಲ್ಲ..."

"ಓಹೋ! ನಾನು ರಾಕ್ಷಸಿ, ನೀನು ಹೆತ್ತ ತಾಯಿ, ಅಲ್ವಾ?" ಅತ್ತೆ ಬೆರಳು ಚಾಚಿದಳು. "ಹಾರ್ಮೋನಿಯಂ ಕೇಳು! ಎಲ್ಲಾದ್ರೂ ಒಂದು ಸ್ವರ ತಪ್ಪಿದ್ಯಾ? ತಾಳ ಬಿಟ್ಟಿದ್ಯಾ? ನಾನು ಕಣ್ಣು ಬಿಟ್ಟೆ ಸರಿ. ನಿನ್ನ ಕೈ ಕಟ್ಟಿಹಾಕಿದ್ನೇನೇ? ಏಳ್ಬೇಕಿತ್ತು. ತಟ್ಟೆ ಒಡೆದು ಹೋಗ್ಲಿ ಅಂತ ಎದ್ದು ಹೋಗ್ಬೇಕಿತ್ತು!"

ಬಚ್ಚಿಟ್ಟ ಇಷ್ಟು ವರ್ಷಗಳಲ್ಲಿ ಸೊಸೆ ಎಷ್ಟೋ ಸಲ ಈ ಹಾಡನ್ನು ಮನಸ್ಸಿನಲ್ಲಿ ಹಾಕಿ ಕೇಳಿದ್ದಳು. ಅತ್ತೆಯ ದನಿ, ಮಗುವಿನ ಅಳು, ಎರಡೇ. ಹಾರ್ಮೋನಿಯಂ ಒಂದು ಸಲವೂ ಕಿವಿಗೆ ಬಿದ್ದಿರಲಿಲ್ಲ. ಈಗ ಅದು ಬಿತ್ತು. ಅಚ್ಚುಕಟ್ಟಾಗಿ, ಒಂದು ಸ್ವರವೂ ಜಾರದೆ ನುಡಿಯುತ್ತಿತ್ತು. ಆ ಬೆಳಗ್ಗೆ ಅತ್ತೆ ಮೊದಲ ಸಲ "ಪರವಾಗಿಲ್ವೇ, ಚೆನ್ನಾಗಿ ನುಡಿಸ್ತೀಯ" ಎಂದಿದ್ದಳು. ಆ ಒಂದು ಮಾತನ್ನು ಕಳೆದುಕೊಳ್ಳಲಾರದೆ... ಅಯ್ಯೋ! ಅವಳು ನೆಲದ ಮೇಲೆ ಕೂತಳು.

"ಹೌದು," ಎಂದಳು ಕೊನೆಗೆ. "ನಾನೂ ಏಳ್ಲಿಲ್ಲ. ಇಬ್ರಿಗೂ ಕೇಳಿಸ್ತು, ಇಬ್ರೂ ಏಳ್ಲಿಲ್ಲ. ಊರು ಏನಾದ್ರೂ ಅನ್ಲಿ ಅತ್ತೆ. ನಿಮ್ಮನ್ನೂ ಅನ್ಲಿ, ನನ್ನನ್ನೂ ಅನ್ಲಿ. ಆ ಅಳು ಮಾತ್ರ ಅಳಿಸ್ಬೇಡಿ... ಅವನದು ಅಂತ ಈ ಭೂಮಿ ಮೇಲೆ ಉಳಿದಿರೋದು ಅದೊಂದೇ."

ಗಂಡ ಮುಖ ಮುಚ್ಚಿಕೊಂಡು ಬಿಕ್ಕಿದ. ಅತ್ತೆ ಜಗಳದಲ್ಲಿ ಗೆದ್ದಿದ್ದಳು, ಆದರೆ ಗೆದ್ದ ಕಳೆ ಮುಖದ ಮೇಲಿರಲಿಲ್ಲ. ಕೊನೆಗೆ ಸೊಸೆಯನ್ನು ನೋಡದೆ ತಂತ್ರಜ್ಞನನ್ನು ಕೇಳಿದಳು:

"ಅಳು ತೆಗೆಯೋಕೆ ಬಂತಲ್ಲ ನಿನಗೆ. ನನ್ನ ದನಿ ತೆಗೆಯೋಕೆ ಬರತ್ತಾ?"

"ಪೂರ್ತಿ ಆಗೋಲ್ಲ ದೊಡ್ಡಮ್ಮಾ. ತಗ್ಗಿಸ್ಬಹುದು. ಆದ್ರೆ... ಆ ಏರುದನಿ ಹೋಗ್ಬಿಡತ್ತೆ. ಜನ ಕಾಯ್ತಿರೋದೇ ಅದಕ್ಕೆ."

"ಹೋಗ್ಲಿ. ತಗ್ಗಿಸು."

ಅವನು ತುಸು ಹೊತ್ತು ಏನೇನೋ ಒತ್ತಿ, ಎಳೆದು, ಮತ್ತೆ ಹಾಕಿದ. ಬೆಳ್ಳಿಗಂಟೆಯ ದನಿ ದೂರದ ಬೀದಿಯಲ್ಲಿ ಯಾರೋ ಹಾಡಿಕೊಂಡು ಹೋದಷ್ಟು ಸಣ್ಣಗಾಗಿತ್ತು. ಮಗುವಿನ ಅಳು ಮನೆಯ ತುಂಬ ಕೇಳಿತು. ಮೂಗು ಕಟ್ಟಿದ ಅಳು, ನಡುನಡುವೆ ಉಸಿರು ಎಳೆದುಕೊಂಡು, ಕಾದು ನೋಡಿ, ಮತ್ತೆ ಕರೆಯುವ ಅಳು. ಸೊಸೆ ಸೆರಗನ್ನು ಬಾಯಿಗೊತ್ತಿಕೊಂಡಳು. ಆಮೇಲೆ, ಏರುದನಿಯ ಅಡಿಯಲ್ಲಿ ಇಷ್ಟು ವರ್ಷ ಹೂತುಹೋಗಿ ಅವಳೂ ಎಂದೂ ಕೇಳಿರದ ಜಾಗ ಬಂತು. ಹಾಡು ಇನ್ನೂ ಮುಗಿದಿರಲಿಲ್ಲ. ಅಳು ಒಂದು ಸಲ ತಡೆಯಿತು, ಇನ್ನೊಂದು ಸಲ ಸಣ್ಣಗೆ ಕರೆಯಿತು, ತಾನಾಗಿಯೇ ನಿಂತುಹೋಯಿತು. ಯಾರೂ ಬರುವುದಿಲ್ಲವೆಂದು ಕೂಸಿಗೆ ಗೊತ್ತಾಗಿಬಿಟ್ಟಿತ್ತು.

ಅದರಾಚೆಗೂ ಲಾಲಿ ಮುಂದುವರಿಯುತ್ತಲೇ ಇತ್ತು, ಹಾರ್ಮೋನಿಯಂ ಕೂಡ.

"ಅಳು ನಿಂತಿತ್ತಾ?" ಅತ್ತೆಯ ದನಿ ಒಡೆಯಿತು. "ಹಾಗಾದ್ರೆ ಉಳಿದಿದ್ದೆಲ್ಲ... ಯಾರಿಗೆ ಹಾಡ್ತಾ ಇದ್ದೆನೇ ನಾನು?"

ಕ್ಷಮಿಸುವ ಮಾತು ಸೊಸೆಯ ಬಾಯಲ್ಲಿ ಬರಲಿಲ್ಲ. ತಂತ್ರಜ್ಞ ನಿಲ್ಲಿಸಲು ಕೈ ಚಾಚಿದಾಗ ಮಾತ್ರ ಬೇಡವೆಂದಳು.

"ಹೀಗೇ ಹೊರಗೆ ಬರ್ಲಿ," ಎಂದಳು ಅತ್ತೆ. "ನನ್ನ ಒಪ್ಪಿಗೆ ಇದೆ."

ಹಾಡು ಕೊನೆಗಂಡಿತು. ಅತ್ತೆ ಸೊಸೆ ಇಬ್ಬರೂ ಕೂತಲ್ಲಿಂದ ಏಳಲಿಲ್ಲ.